ಲಕ್ಷ್ಮೀಪಟಕ್ಕೆ ಉಡಿಸಿದ ಸೀರೆ

ಮೈಸೂರಿಗೆ ಹೋದರೆ ದೊಡ್ಡ ಅರಮನೆ, ಚಾಮುಂಡಿಬೆಟ್ಟ ನೋಡಿ, ಮೈಸೂರುಪಾಕು ಕಟ್ಟಿಸಿಕೊಂಡು ಬಸ್ಸು ಹತ್ತಿಬಿಡ್ತೀರಿ, ಅಲ್ವೇ? ಮುಂದಿನ ಸಲ ಜಗನ್ಮೋಹನ ಅರಮನೆಗೂ ಒಂದಿಷ್ಟು ಬಿಡುವು ಮಾಡಿಕೊಳ್ಳಿ. 1861ರಲ್ಲಿ ಕಟ್ಟಿದ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ಅಲ್ಲಿ ರಾಜಾ ರವಿವರ್ಮರ ಚಿತ್ರಗಳ ಮುಂದೆ ನಿಂತರೆ, 'ಅರೆ, ಈ ಮುಖ ನಮ್ಮನೆ ದೇವರಕೋಣೆಯಲ್ಲೇ ಇದೆಯಲ್ಲ!' ಅನ್ನಿಸದೆ ಇರದು.

ಅದಕ್ಕೆ ಕಾರಣವಿದೆ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಅಚ್ಚು. ಹೀಗೆ ಕಾಗದಕ್ಕಿಳಿದ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಗೂ ಬಂದರು.

ಮನೆಗೆ ಬಂದ ದೇವಿಯನ್ನು ಹೆಂಗಸರು ಸುಮ್ಮನೆ ಬಿಟ್ಟಾರೆಯೇ? ವರಮಹಾಲಕ್ಷ್ಮಿಯ ಕಲಶಕ್ಕೆ ಸೀರೆ ಉಡಿಸುವ ಕೈಗಳಲ್ಲವೇ ಅವು! ಎಷ್ಟೋ ಮನೆಗಳಲ್ಲಿ ಮುಖ, ಕೈ, ಪಾದಗಳನ್ನು ಹಾಗೇ ಬಿಟ್ಟು, ಸೀರೆಯ ಜಾಗಕ್ಕೆ ರೇಷ್ಮೆಚೂರು ಕತ್ತರಿಸಿ ಅಂಟಿಸಿದರು. ಅಂಚಿಗೆ ಜರಿ, ಒಡವೆಗೆ ಚಮಕಿ, ಕೊರಳಿಗೆ ಸಣ್ಣಮಣಿ. ಮೇಲೊಂದು ಗಾಜು. ಹೀಗೆ ಕತ್ತರಿಸಿ ಅಂಟಿಸುವುದನ್ನೇ ಕಲೆಯವರು 'ಕೊಲಾಜ್' ಅಂತಾರೆ. ನಮ್ಮಜ್ಜಿ ಮಾತ್ರ, 'ಲಕ್ಷ್ಮಿಗೆ ಸೀರೆ ಉಡಿಸಿದೀನಿ ಕಣೇ' ಅಂತಿದ್ರು. ಅದು ಅವರ ಧಾರೆಸೀರೆಯ ಸೆರಗಿನ ಚೂರು.

ಆ ಪಟ ಈಗಿಲ್ಲ. ಗಾಜು ಒಡೆಯಿತು. ಒಡೆದ ಪಟ ಮನೆಯಲ್ಲಿರಬಾರದೆಂದು ನಾನೇ ಅಶ್ವತ್ಥಕಟ್ಟೆಯ ಮೇಲಿಟ್ಟು, ಕೈಮುಗಿದು ಬಂದೆ. ಅವತ್ತೇ ರಾತ್ರಿ ಮಳೆ ಸುರಿಯಿತು.

ಜಗನ್ಮೋಹನದಲ್ಲಿ ಚಿತ್ರಗಳ ಕೆಳಗಿನ ಹೆಸರು ಓದುತ್ತಾ ಹೋದಾಗ ನನ್ನ ತಪ್ಪು ಹೊಳೆಯಿತು. ರವಿವರ್ಮರ ಅಚ್ಚಿನ ಲಕ್ಷ್ಮಿಗೆ ಪ್ರತಿಗಳು ಎಷ್ಟೋ ಇವೆ. ಅಜ್ಜಿ ಉಡಿಸಿದ ಲಕ್ಷ್ಮಿ ಇದ್ದದ್ದು ಒಂದೇ. ಅದರ ಮೇಲೆ ಅವರ ಹೆಸರನ್ನೂ ಯಾರೂ ಬರೆದಿರಲಿಲ್ಲ.

ನಿಮ್ಮನೆ ಅಟ್ಟದ ಮೇಲೆ ಇಂಥ ಪಟವಿದ್ದರೆ ಕಟ್ಟೆಗೆ ಒಯ್ಯಬೇಡಿ. ಗಾಜು ಒಡೆದಿದ್ದರೆ ಹೊಸದು ಹಾಕಿಸಿ. ರೇಷ್ಮೆ, ಜರಿಗೆ ಒದ್ದೆಬಟ್ಟೆ ತಾಗಿಸದೆ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ನೀರು ಒಸರುವ ಗೋಡೆಗೆ, ನೇರ ಬಿಸಿಲಿಗೆ ತೂಗುಹಾಕಬೇಡಿ. ಹಿಂಬದಿಯ ಹಲಗೆಯ ಮೇಲೆ ಉಡಿಸಿದವರ ಹೆಸರು, ಊರು, ಸೀರೆ ಯಾರದೆಂಬುದನ್ನು ಬರೆದಿಡಿ. ಹೇಳುವ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಕೇಳಿಬಿಡಿ!