ತಲೆಯ ಮೇಲಣ ಚಾವಣಿ

ಮನೆಯ ಮಾಡನ್ನು ಮನುಷ್ಯ ಚೆನ್ನಾಗಿ ಬಲ್ಲ. ಜ್ವರ ಬಂದು ಮಲಗಿದವನಿಗೆ ತೊಲೆಗಳೆಷ್ಟು, ಜಂತೆಗಳೆಷ್ಟು, ಯಾವ ಮೂಲೆಯಲ್ಲಿ ಜೇಡ ಬಲೆ ಕಟ್ಟಿದೆ ಎಂಬುದೆಲ್ಲ ಮೂರೇ ದಿನಗಳಲ್ಲಿ ಬಾಯಿಪಾಠವಾಗಿಬಿಡುತ್ತದೆ. ಆದರೆ ಕಾರಿನ ಒಳಚಾವಣಿಯನ್ನು ಕಣ್ಣಿಟ್ಟು ನೋಡಿದವರು ಅಪರೂಪ. ಒಳಗೆ ಕುಳಿತವನ ದೃಷ್ಟಿ ಕಿಟಕಿಯಾಚೆಗೆ ಓಡುತ್ತದೆ. ನಡೆಸುವವನ ದೃಷ್ಟಿ ದಾರಿಯ ಮೇಲಿರುತ್ತದೆ. ನೆತ್ತಿಯಿಂದ ಗೇಣುದ್ದ ಮೇಲಿರುವ ಆ ಹೊದಿಕೆ ಯಾರ ಗಮನಕ್ಕೂ ಬಾರದೆ ಇಪ್ಪತ್ತು ವರ್ಷ ಕಳೆಯುತ್ತದೆ. ಒಂದು ದಿನ ಅದು ಜೋಲುಬಿದ್ದು ತಲೆಗೂದಲನ್ನು ಸವರಿದಾಗಲೇ ಅಲ್ಲಿ ಅಂಥದೊಂದು ವಸ್ತು ಇತ್ತೆಂಬ ಅರಿವು ಮೂಡುವುದು.

ಬೆಂಗಳೂರಿನ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೂ ಸೀಟಿನ ಕುಷನ್ ಕೆಲಸಕ್ಕೂ ಹೆಸರಾದದ್ದು. ಅದರ ಸಮೀಪದ ಓಣಿಯೊಂದರ ತಗಡಿನ ಷೆಡ್ಡಿಗೆ ಒಂದು ಫಾಲ್ಗುಣದ ಬೆಳಿಗ್ಗೆ ಬಿಳಿಯ ಅಂಬಾಸಿಡರ್ ಕಾರೊಂದು ಬಂದು ನಿಂತಿತು. ಅದರ ಒಡೆಯರು ವೃದ್ಧ ವೈದ್ಯರು. ಹಳ್ಳಿಗಳ ರೋಗಿಗಳನ್ನು ನೋಡಲು ಅದೇ ಕಾರಿನಲ್ಲಿ ಬಹುಕಾಲ ಓಡಾಡಿದವರು. ಆ ಕಾಲದ ಅನೇಕ ಕಾರುಗಳಂತೆ ಅದರಲ್ಲಿಯೂ ಕಮಾನಿನ ಆಕಾರಕ್ಕೆ ಬಾಗಿಸಿದ ತಂತಿಗಳಿಗೆ ಬಟ್ಟೆಯನ್ನು ಹೊಲಿದು ಒಳಚಾವಣಿಯನ್ನು ಬಿಗಿದಿದ್ದರು. ತಂತಿ ತುಕ್ಕು ಹಿಡಿದಿತ್ತು, ಹೊಲಿಗೆ ಲಡ್ಡಾಗಿತ್ತು, ಬಟ್ಟೆ ತೊಟ್ಟಿಲಿನಂತೆ ಇಳಿಬಿದ್ದಿತ್ತು. ಈಚಿನ ಕಾರುಗಳಲ್ಲಿ ತಂತಿಯಿಲ್ಲ. ಒತ್ತಿ ಮಾಡಿದ ಹಲಗೆಯ ಮೇಲೆ ತೆಳುವಾದ ಫೋಮಿನೊಡನೆ ಬಟ್ಟೆಯನ್ನು ಅಂಟಿಸಿರುತ್ತಾರೆ. ವರ್ಷಗಳ ಬಿಸಿಲಿಗೂ ತೇವಕ್ಕೂ ಆ ಫೋಮು ಪುಡಿಯಾದಾಗ ಅದೂ ಇಳಿಯುತ್ತದೆ. ವಿಧಾನ ಬೇರೆ, ಗತಿ ಒಂದೇ.

"ಬಟ್ಟೆಯನ್ನೇ ಹೊಸದಾಗಿ ಹೊಲಿಸಿದರೆ ಖರ್ಚು ಕಡಿಮೆ, ಸ್ವಾಮಿ" ಎಂದು ಷೆಡ್ಡಿನ ಮೇಸ್ತ್ರಿಗಳು ಇದ್ದುದನ್ನು ಇದ್ದಂತೆ ಹೇಳಿದರು.

"ಎರಡು ಸಲ ಹೊಲಿಸಿದ್ದಾಯಿತು ಮೇಸ್ತ್ರೀ. ಮೂರನೆಯ ಸಲಕ್ಕೆ ನನಗೆ ವಯಸ್ಸಿಲ್ಲ. ಇನ್ನೆಂದೂ ಜೋಲದಂಥದ್ದನ್ನು ಮಾಡಿಕೊಡಿ. ಯುಗಾದಿಗೆ ಊರಿಗೆ ಹೋಗಬೇಕು."

ಕಾರ್ಖಾನೆಯಿಂದ ಹೊಸದನ್ನು ತರಿಸುವ ಮಾತೇ ಇರಲಿಲ್ಲ. ಉತ್ತರಪಾರಾದಲ್ಲಿ ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತುಹೋಗಿತ್ತು. ಮೇಸ್ತ್ರಿಗಳು ಕಾರನ್ನೊಮ್ಮೆ ಸುತ್ತಿ ಬಂದು, ಫೈಬರ್ ಗ್ಲಾಸಿನಲ್ಲಿ ಮಾಡಬಹುದೆಂದರು. ನೀರಿನ ತೊಟ್ಟಿಯ ಮುಚ್ಚಳ, ಅಂಗಡಿಯ ಫಲಕ, ಉತ್ಸವದ ಸ್ತಬ್ಧಚಿತ್ರಗಳ ಆನೆ ಕುದುರೆಗಳು, ಇವೆಲ್ಲ ಅವರ ಕೈಯಲ್ಲಿ ಹುಟ್ಟಿದ್ದವು. ಕಾರಿನ ಒಳಚಾವಣಿಯನ್ನು ಮಾತ್ರ ಅವರು ಅದುವರೆಗೆ ಮಾಡಿರಲಿಲ್ಲ.

ಗಾಜು ಒಡೆಯುವ ವಸ್ತುವೆಂಬುದು ಮಗುವಿಗೂ ಗೊತ್ತು. ಆದರೆ ಅದನ್ನೇ ಕೂದಲಿಗಿಂತ ತೆಳುವಾದ ಎಳೆಯಾಗಿ ಎಳೆದರೆ ಅದು ಬಳುಕುತ್ತದೆ, ಎಳೆತಕ್ಕೆ ಉಕ್ಕಿನಂತೆ ನಿಲ್ಲುತ್ತದೆ. ಈ ಎಳೆಯನ್ನು ಅಗ್ಗವಾಗಿ ರಾಶಿರಾಶಿಯಾಗಿ ತೆಗೆಯುವ ದಾರಿ ಹೊಳೆದದ್ದು 1932ರಲ್ಲಿ, ಅಮೆರಿಕದ ಓಹಾಯೊ ರಾಜ್ಯದಲ್ಲಿ, ಅದೂ ಆಕಸ್ಮಿಕವಾಗಿ. ಡೇಲ್ ಕ್ಲೈಸ್ಟ್ ಎಂಬ ತರುಣ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದಾಗ, ರಭಸದ ಗಾಳಿ ಕರಗಿದ ಗಾಜಿನ ಧಾರೆಗೆ ತಗುಲಿ ನವಿರಾದ ಎಳೆಗಳು ಹಾರಿದವು. ಬೇಡವಾಗಿ ಬಂದದ್ದೇ ಬೇಕಾದದ್ದಾಯಿತು. ಈ ಎಳೆಗಳನ್ನು ರೆಸಿನ್ ಎಂಬ ಅಂಟುರಾಳದಲ್ಲಿ ನೆನೆಸಿ ಗಟ್ಟಿಮಾಡಿದರೆ, ಹುಲ್ಲು ಬೆರೆಸಿ ಕಲಸಿದ ಮಣ್ಣಿನ ಗೋಡೆಯಂತೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 1953ರಲ್ಲಿ ಅಮೆರಿಕದ ಷೆವರ್ಲೆ ಸಂಸ್ಥೆ ಕಾರ್ವೆಟ್ ಎಂಬ ಕಾರಿನ ಇಡೀ ಮೈಯನ್ನು ಇದರಿಂದಲೇ ಮಾಡಿತು. ಆ ವರ್ಷ ತಯಾರಾದವು 300 ಕಾರುಗಳು. ಬೆಂಗಳೂರಿಗೂ ಇದು ಹೊಸತಲ್ಲ. 1980ರ ದಶಕದಲ್ಲಿ ಇಲ್ಲಿಯ ಸಿಪಾನಿ ಸಂಸ್ಥೆ ಹೊರತಂದ ಡಾಲ್ಫಿನ್ ಎಂಬ ಪುಟ್ಟ ಕಾರಿನ ಮೈ ಫೈಬರ್ ಗ್ಲಾಸಿನದೇ ಆಗಿತ್ತು.

ಕೆಲಸ ಆರಂಭವಾಯಿತು. ಮೇಸ್ತ್ರಿಗಳ ಬಳಿ ಕಸುಬು ಕಲಿಯುತ್ತಿದ್ದ ಹುಡುಗನೊಬ್ಬನಿದ್ದ, ಹದಿನೆಂಟು ತುಂಬಿತ್ತು. ಇಬ್ಬರೂ ಸೇರಿ ಸೀಟುಗಳನ್ನು ಇಳಿಸಿ, ಹಳೆಯ ಬಟ್ಟೆಯನ್ನೂ ತಂತಿಗಳನ್ನೂ ಕಿತ್ತು, ಚಾವಣಿಯ ಬರಿಯ ತಗಡು ಕಾಣುವಂತೆ ಮಾಡಿದರು. ಗೇಣಿಗೊಂದರಂತೆ ರಟ್ಟಿನ ತುಂಡುಗಳನ್ನು ತಗಡಿನ ಬಾಗಿಗೆ ಸರಿಯಾಗಿ ಕತ್ತರಿಸಿ, ಆ ಬಾಗನ್ನು ಪ್ಲೈವುಡ್ಡಿಗೆ ಇಳಿಸಿ, ಪಕ್ಕೆಲುಬುಗಳಂತೆ ನೆಲದ ಮೇಲೆ ಸಾಲಾಗಿ ನಿಲ್ಲಿಸಿದರು. ನಡುವೆ ತಂತಿಯ ಜಾಲರಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಕವುಚಿ ಹಾಕಿದ ದೋಣಿಯಂತೆ ಅಚ್ಚು ಎದ್ದು ನಿಂತಿತು.

ಈ ಅಚ್ಚಿನ ಕೆಲಸದಲ್ಲಿ ಒಂದು ವಿಚಿತ್ರವಿದೆ. ಫೈಬರಿನ ಯಾವ ಮುಖ ಅಚ್ಚಿಗೆ ತಾಗಿರುತ್ತದೆಯೋ ಅದು ಮಾತ್ರ ನಯವಾಗಿ ಬರುತ್ತದೆ. ಇನ್ನೊಂದು ಮುಖ ಒರಟು. ಒಳಚಾವಣಿಯಲ್ಲಿ ಕಣ್ಣಿಗೆ ಬೀಳುವುದು ಕೆಳಮುಖ. ಆದುದರಿಂದ ಅಚ್ಚು ಉಬ್ಬಿರಬೇಕು, ಕೆಲಸವೆಲ್ಲ ಅದರ ಬೆನ್ನ ಮೇಲೆ ನಡೆಯಬೇಕು. ತಾನು ಮಾಡುತ್ತಿರುವುದರ ಮುಖ ಮಾಡುವವನಿಗೇ ಕಾಣದು. ಅಚ್ಚಿನಲ್ಲಿ ಉಳಿದ ಒಂದು ಗೀರು ಮಾಲಿನಲ್ಲಿಯೂ ಗೀರಾಗಿಯೇ ಮೂಡುವುದರಿಂದ, ಅದನ್ನು ಉಪ್ಪುಕಾಗದದಿಂದ ಉಜ್ಜುವುದಕ್ಕೇ ನಾಲ್ಕು ದಿನ ಹಿಡಿಯಿತು.

ಮೂರನೆಯ ದಿನ ಹುಡುಗ ಉಜ್ಜುವುದನ್ನು ನಿಲ್ಲಿಸಿ ಅಚ್ಚನ್ನೊಮ್ಮೆ ನೋಡಿದ. ಕಾರಿನ ಬಾಗಿಲುಗಳನ್ನೊಮ್ಮೆ ನೋಡಿದ.

"ಮೇಸ್ತ್ರಿಗಳೇ, ಇದು ಒಳಗೆ ಹೋಗುವುದು ಹೇಗೆ?"

"ಮೊದಲು ಉಜ್ಜು ಮರಿ. ಕೈ ನಿಲ್ಲಬಾರದು" ಎಂದರು ಮೇಸ್ತ್ರಿಗಳು, ಬಾಗಿದ ಅಂಚಿನಿಂದ ಕಣ್ಣೆತ್ತದೆ.

ಅನಂತರ ಅಚ್ಚಿಗೆ ಮೇಣದ ಲೇಪ. ನಾಲ್ಕು ಸಲ ಬಳಿದು ನಾಲ್ಕು ಸಲ ಒರೆಸಿ, ಅದರ ಮೇಲೆ ತೆಳುವಾದ ಪೊರೆ ಕಟ್ಟುವ ದ್ರವವನ್ನು ಹಚ್ಚಿದರು. ಇಷ್ಟೂ ಮಾಡುವುದು ಮಾಲು ಅಚ್ಚಿಗೆ ಅಂಟಿಕೊಳ್ಳದಿರಲಿ ಎಂದು. ಅಂಟಿಸುವುದು ಸುಲಭ, ಅಂಟದಂತೆ ನೋಡಿಕೊಳ್ಳುವುದರಲ್ಲಿಯೇ ಈ ಕಸುಬಿನ ಅರ್ಧ ಶ್ರಮ ಕಳೆಯುತ್ತದೆ.

ಗಾಜಿನ ಎಳೆಗಳ ಮ್ಯಾಟು ಹತ್ತಿಯ ಹಾಸಿನಂತೆ ಬೆಳ್ಳಗೆ ನಿರುಪದ್ರವಿಯಾಗಿ ಕಾಣುತ್ತದೆ. ಮುಟ್ಟಿದವನಿಗೆ ಮಾತ್ರ ಅದರ ಗುಣ ಗೊತ್ತು. ಕಾಣದ ಮುಳ್ಳುಗಳು ಚರ್ಮಕ್ಕೆ ಇಳಿದು ರಾತ್ರಿಯೆಲ್ಲ ತುರಿಸುತ್ತವೆ. ಉಜ್ಜುವಾಗ ಏಳುವ ಧೂಳು ಉಸಿರಿಗೆ ಸೇರಬಾರದು. ರೆಸಿನ್ನಿನ ಘಾಟು ತಲೆ ಸುತ್ತಿಸುತ್ತದೆ. ಅದನ್ನು ಗಟ್ಟಿಮಾಡುವ ಹಾರ್ಡನರ್ ಎಂಬ ದ್ರವದ ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಗಟ್ಟಿಯಾಗುವುದನ್ನು ತ್ವರೆಗೊಳಿಸಲು ರೆಸಿನ್ನಿಗೆ ಬೆರೆಸುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವೊಂದಿದೆ. ಅದನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟವಾಗುತ್ತದೆ. ಅವೆರಡರ ಡಬ್ಬಿಗಳನ್ನು ಮೇಸ್ತ್ರಿಗಳು ಷೆಡ್ಡಿನ ಎರಡು ತುದಿಗಳಲ್ಲಿ ಇಟ್ಟಿದ್ದರು. ಕನ್ನಡಕ, ಕೈಚೀಲ, ಮುಖಕ್ಕೆ ಮುಸುಕು, ಇವಿಲ್ಲದೆ ಹುಡುಗನನ್ನು ಮ್ಯಾಟಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅವರ ಈ ಹಟವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಷ್ಟೋ ಷೆಡ್ಡುಗಳಲ್ಲಿ ಬರಿಗೈಯಲ್ಲಿ, ಬಾಯಿಗೆ ಕರವಸ್ತ್ರವನ್ನೂ ಕಟ್ಟದೆ ದುಡಿಯುವ ಹುಡುಗರಿದ್ದಾರೆ.

ತೂಕದಲ್ಲಿ ಮ್ಯಾಟಿನ ಎರಡೂವರೆ ಪಟ್ಟು ರೆಸಿನ್. ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು. ಬೆರೆಸಿದ ಮೇಲೆ ಉಳಿಯುವುದು ಇಪ್ಪತ್ತು ಮೂವತ್ತು ನಿಮಿಷಗಳ ಅವಧಿ. ಬಿಸಿಲೇರಿದರೆ ಇನ್ನೂ ಕಡಿಮೆ. ಯುಗಾದಿ ಸಮೀಪಿಸುತ್ತಿದೆಯೆಂದು ಹುಡುಗ ಒಂದು ಮಧ್ಯಾಹ್ನ ಅಳತೆಗೆ ಇಮ್ಮಡಿ ಹಾರ್ಡನರ್ ಸುರಿದ. ಬ್ರಷ್ಷನ್ನು ಅದ್ದುವಷ್ಟರಲ್ಲಿ ಮಗ್ಗಿನೊಳಗಿನ ರೆಸಿನ್ ಬೆಲ್ಲದ ಪಾಕದಂತೆ ಗಟ್ಟಿಯಾಯಿತು, ಕಾವೇರಿತು, ಹೊಗೆಯಾಡಿತು. ಪ್ಲಾಸ್ಟಿಕ್ ಮಗ್ಗು ಮೆತ್ತಗಾಗಿ ವಾಲಿತು. ತೆಳ್ಳಗೆ ಹರಡಿದರೆ ಆರಿಹೋಗುವ ಶಾಖ, ಒಂದೆಡೆ ಮುದ್ದೆಯಾಗಿ ನಿಂತರೆ ತನ್ನನ್ನೇ ಸುಡುತ್ತದೆ. ಮೇಸ್ತ್ರಿಗಳು ಮಗ್ಗನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಮರಳಿನ ಮೇಲಿಟ್ಟು ಬಂದರು. ಬಯ್ಯಲಿಲ್ಲ. ಮರುದಿನದಿಂದ ಕೆಲಸವನ್ನು ಬೆಳಗಿನ ಆರು ಗಂಟೆಗೆ ಬದಲಾಯಿಸಿದರು.

ಎರಡು ಪದರ ಮ್ಯಾಟು ಹಾಸಿ, ರೆಸಿನ್ ಉಣಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ರೋಲರಿನಿಂದ ಒತ್ತಿ ಒತ್ತಿ ಹೊರಡಿಸಿದರು. ಬಿಳಿಯ ಮ್ಯಾಟು ರೆಸಿನ್ ಕುಡಿದು ಪಾರದರ್ಶಕವಾಗುತ್ತ ಬಂದು, ಅಚ್ಚಿನ ಬಣ್ಣ ಮಂಜಿನ ಹಿಂದಿನ ಗುಡ್ಡದಂತೆ ತೋರಿತು. ಎರಡು ದಿನ ಬಿಟ್ಟು ಮರದ ಬೆಣೆಗಳನ್ನು ಅಂಚಿಗೆ ಮೆಲ್ಲಗೆ ಬಡಿದಾಗ 'ಟಕ್' ಎಂದು ಬಿಟ್ಟುಕೊಂಡಿತು. ಎರಡು ಮಿಲಿಮೀಟರ್ ದಪ್ಪ, ಆರೇಳು ಕಿಲೋಗ್ರಾಂ ತೂಕ. ಎಲ್ಲಿಯೂ ಗುಳ್ಳೆಯಿಲ್ಲ, ಗೀರಿಲ್ಲ. ಓಣಿಯ ಇತರ ಷೆಡ್ಡುಗಳವರೂ ಬಂದು ಬೆರಳಾಡಿಸಿ ನೋಡಿದರು.

ಅದನ್ನು ಎತ್ತಿಕೊಂಡು ಕಾರಿನ ಬಳಿಗೆ ಹೋದರು. ಹಿಂದಿನ ಬಾಗಿಲಿನಿಂದ ಓರೆಯಾಗಿ ತೂರಿಸಿದರು, ಹೋಗಲಿಲ್ಲ. ಮುಂದಿನ ಬಾಗಿಲಿನಿಂದ ನೋಡಿದರು. ಅರ್ಧ ಹೋಗಿ ನಿಂತಿತು. ಬಟ್ಟೆಯಾದರೆ ಮಡಿಸಿಕೊಂಡು ಒಳಹೋಗುತ್ತಿತ್ತು. ಇದು ಮಡಿಸುವ ವಸ್ತುವಲ್ಲ. ಮಡಿಸಲಾಗದೆಂಬುದೇ ಇದರ ಹಿರಿಮೆ. ಕೊನೆಗೆ ರಬ್ಬರ್ ಬೀಡಿಂಗ್ ಬಿಡಿಸಿ, ಉಸಿರು ಬಿಗಿಹಿಡಿದು, ಮುಂದಿನ ದೊಡ್ಡ ಗಾಜನ್ನೇ ತೆಗೆದರು. ಅಲ್ಲಿಯೂ ನಾಲ್ಕು ಬೆರಳು ಕಡಿಮೆ ಬಿತ್ತು.

ಯುಗಾದಿಗೆ ಐದು ದಿನ ಉಳಿದಿತ್ತು. ಹುಡುಗ ಏನನ್ನೂ ಆಡಲಿಲ್ಲ. ಮೇಸ್ತ್ರಿಗಳು ಷೆಡ್ಡಿನ ಹೊಸ್ತಿಲ ಮೇಲೆ ಬಹಳ ಹೊತ್ತು ಕುಳಿತಿದ್ದು, ಎದ್ದು ಬಂದು, ಮಾಲನ್ನು ಮತ್ತೆ ಅಚ್ಚಿನ ಮೇಲೆ ಕೂರಿಸಿ, ದೀಪ ಬರುವ ಜಾಗದ ಮೇಲೆ ಅಡ್ಡಲಾಗಿ ಪೆನ್ಸಿಲಿನಿಂದ ಗೆರೆ ಎಳೆದರು. ಹ್ಯಾಕ್ಸಾ ಬ್ಲೇಡನ್ನು ತಾವೇ ಹಿಡಿದರು. ಹದಿನೈದು ದಿನಗಳ ದುಡಿಮೆ ಕಾಲು ಗಂಟೆಯಲ್ಲಿ ಎರಡು ತುಂಡಾಯಿತು. ಬಳಿಕ ಮುಂದಿನ ತುಂಡಿನ ಬೆನ್ನಿಗೆ ಮೇಣ ಸವರಿ, ಹಿಂದಿನ ತುಂಡಿನ ಬೆನ್ನನ್ನು ಒರಟಾಗಿ ಉಜ್ಜಿ, ಎರಡರ ಮೇಲೂ ಬರುವಂತೆ ನಾಲ್ಕು ಅಂಗುಲ ಅಗಲದ ಮ್ಯಾಟಿನ ಪಟ್ಟಿಯನ್ನು ರೆಸಿನ್ನಿನಲ್ಲಿ ಹಾಸಿದರು. ಅದು ಒಂದಕ್ಕೆ ಅಂಟಿತು, ಇನ್ನೊಂದರಿಂದ ಬಿಟ್ಟುಕೊಂಡು ನಾಲಿಗೆಯಂತೆ ಉಳಿಯಿತು. ಮುಂದಿನ ತುಂಡು ಈ ನಾಲಿಗೆಯ ಕೆಳಗೆ ಕೂದಲೆಳೆಯಷ್ಟೂ ಏರುಪೇರಿಲ್ಲದೆ ಬಂದು ಕೂರುವಂತಾಯಿತು.

ಇನ್ನುಳಿದದ್ದು ಬೇಗ ಮುಗಿಯಿತು. ಗಟ್ಟಿಯಾದ ಚಾವಣಿಗೆ ತಲೆ ಬಡಿದರೆ ಪೆಟ್ಟಾಗುವುದರಿಂದ ಕೆಳಮುಖಕ್ಕೆ ಫೋಮನ್ನೂ ಬೂದುಬಣ್ಣದ ಬಟ್ಟೆಯನ್ನೂ ಅಂಟಿಸಿ, ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ತಗಡಿಗೂ ಇದಕ್ಕೂ ನಡುವೆ ಫೆಲ್ಟಿನ ಹಾಳೆ. ಹೊಸ ಕಾರುಗಳವರು ಯಾರಾದರೂ ಇಂಥದ್ದನ್ನು ಕೇಳಿ ಬಂದರೆ ಮೇಸ್ತ್ರಿಗಳು ಒಪ್ಪುತ್ತಿರಲಿಲ್ಲ. ಅಂಥ ಅನೇಕ ಕಾರುಗಳಲ್ಲಿ ಚಾವಣಿಯ ಅಂಚಿನುದ್ದಕ್ಕೂ ಗಾಳಿಚೀಲಗಳನ್ನು ಮಡಿಸಿಟ್ಟಿರುತ್ತಾರೆ. ಅಪಘಾತದ ಕ್ಷಣದಲ್ಲಿ ಅವು ಪರದೆಯಂತೆ ಬಿಚ್ಚಿಕೊಳ್ಳಬೇಕು. ಅಲ್ಲಿ ಗಟ್ಟಿ ಚಿಪ್ಪನ್ನು ಕೂರಿಸುವುದು ಅಪಾಯವನ್ನು ಕರೆದಂತೆ. ಈ ಹಳೆಯ ಅಂಬಾಸಿಡರಿನಲ್ಲಿ ಆ ಭಯವಿರಲಿಲ್ಲ. ಎರಡು ತುಂಡುಗಳೂ ಒಂದರ ಹಿಂದೊಂದು ಬಾಗಿಲಿನಿಂದ ಒಳಹೊಕ್ಕವು. ಸೇರುವೆಯ ಮೇಲೆ ತೇಗದ ತೆಳುವಾದ ಪಟ್ಟಿ, ಅದರ ನಡುವೆ ದೀಪ.

ಹಬ್ಬದ ಹಿಂದಿನ ಸಂಜೆ ವೈದ್ಯರು ಬಂದು ಹಿಂದಿನ ಸೀಟಿನಲ್ಲಿ ಕುಳಿತು, ನೆತ್ತಿಯ ಮೇಲೆ ಕೈಯಾಡಿಸಿ ನೋಡಿಕೊಂಡು ನಕ್ಕರು. ಬೆರಳು ತೇಗದ ಪಟ್ಟಿಗೆ ತಾಗಿತು.

"ಇದು ಮೊದಲೂ ಇತ್ತಲ್ಲವೇ ಮೇಸ್ತ್ರೀ?"

ಹೌದೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇರಲಿಲ್ಲ ಸ್ವಾಮಿ" ಎಂದರು ಮೇಸ್ತ್ರಿಗಳು. "ಇದು ಒಳಗೆ ಹೋಗುವುದು ಹೇಗೆಂದು ಈ ಹುಡುಗ ಮೊದಲೇ ಕೇಳಿದ್ದ. ನಾನು ಕಿವಿಗೊಡಲಿಲ್ಲ."

ಹುಡುಗ ಷೆಡ್ಡಿನ ಹಿಂದೆ ಕೊಳಾಯಿಯ ಕೆಳಗೆ, ಮೊಣಕೈವರೆಗೆ ತಣ್ಣೀರು ಬಿಟ್ಟುಕೊಳ್ಳುತ್ತ ನಿಂತಿದ್ದ. ಆ ಮಾತು ಅಲ್ಲಿಗೂ ಕೇಳಿಸಿತು. ಅವನು ಕೊಳಾಯಿಯನ್ನು ಸ್ವಲ್ಪ ತಗ್ಗಿಸಿದ.