ಹೊಗೆ ಬಿಟ್ಟ ಕಾರು

ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಕಾರು ಯಾತಕ್ಕೆಂದು ಕೇಳುವವರುಂಟು. ನಮ್ಮದು ನಾವು ಕೊಂಡದ್ದಲ್ಲ. ತೀರ್ಥರೂಪರು 2006ರಲ್ಲಿ ಕೊಂಡ ಮಾರುತಿ 800. ಆ ಮಾದರಿಯ ತಯಾರಿಕೆ 2014ರಲ್ಲಿಯೇ ನಿಂತಿತು. ತೀರ್ಥರೂಪರೂ ಮೂರು ವರ್ಷಗಳ ಕೆಳಗೆ ತೀರಿಕೊಂಡರು. ಮಂಡಿನೋವಿನಿಂದ ರೈಲಿನ ಮೆಟ್ಟಿಲು ಹತ್ತಲಾರದ ತಾಯಿಯವರನ್ನು ವರ್ಷಕ್ಕೊಮ್ಮೆ ಕೋಲಾರದ ಕಡೆಯ ನಮ್ಮ ಊರಿಗೆ ಕರೆದೊಯ್ಯಲು ಈ ಕಾರೇ ಗತಿ.

ಕಳೆದ ದಸರೆಗೆ ಮುಂಚೆ ಅದು ಹಿಂದಿನಿಂದ ನೀಲಿ ಹೊಗೆ ಬಿಡತೊಡಗಿತು. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿದೆಯೆಂದೂ ನೀಲಿಯಾದರೆ ಎಂಜಿನ್ ಆಯಿಲೇ ಉರಿಯುತ್ತಿದೆಯೆಂದೂ ತಿಳಿದವರು ಹೇಳಿದರು. ಎಂಟು ನೂರು ಕಿಲೋಮೀಟರಿಗೆ ಒಂದು ಲೀಟರು ಆಯಿಲ್ ಮಾಯವಾಗುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು ಏನನ್ನೂ ಬಿಚ್ಚದೆಯೇ, ‘ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು, 38,000 ರೂಪಾಯಿ’ ಎಂದರು. ನಮ್ಮ ಕೈಯಲ್ಲಿದ್ದುದು ಮಗಳ ಶಾಲೆಯ ಫೀಸಿಗೆಂದು ತೆಗೆದಿಟ್ಟ 12,000.

‘ಪುದುಪೇಟೆಗೆ ಕೊಟ್ಟುಬಿಡಿ, ಅಂದ್ರೆ’ ಎಂದಳು ನಮ್ಮಾಕೆ. ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಭಾಗಗಳಾಗಿ ಮಾರುವ ಎಗ್ಮೋರಿನ ಪಕ್ಕದ ಪುದುಪೇಟೆಯನ್ನು ಚೆನ್ನೈಯಲ್ಲಿರುವ ನಮ್ಮವರು ನೋಡಿಯೇ ಇರುತ್ತೀರಿ. ಬೆಲೆ ವಿಚಾರಿಸಲು ಹೋದೆವು. ಅಲ್ಲಿ ಒಂದು ಅಂಗಡಿಯ ಮುಂದೆ ನಮ್ಮದೇ ಬಣ್ಣದ ಮಾರುತಿಯ ಬಾಗಿಲುಗಳು ಸಾಲಾಗಿ ಒರಗಿದ್ದುವು. ಬೆಲೆ ಕೇಳಲು ಬಾಯಿ ಬರಲಿಲ್ಲ.

ಹತ್ತಿರದಲ್ಲಿಯೇ ಕೆಲಸ ಮಾಡುವ ಒಬ್ಬ ವಯಸ್ಸಾದ ಭಾಯಿ ನಮ್ಮ ಮುಖ ನೋಡಿ, ‘ಮೊದಲು ರೋಗ ಯಾವುದೆಂದು ನೋಡೋಣ, ಸಾರ್’ ಎಂದು ತಮಿಳಿನಲ್ಲಿ ಹೇಳಿದರು. ಮರುದಿನ ಕಾರು ತೆಗೆದುಕೊಂಡು ಹೋದೆವು. ಸ್ಪಾರ್ಕ್ ಪ್ಲಗ್ ತೆಗೆದ ರಂಧ್ರಕ್ಕೆ ಮೀಟರು ಹಚ್ಚಿ ಒತ್ತಡ ಅಳೆದರು. ಮೂರು ಸಿಲಿಂಡರಿನಲ್ಲಿಯೂ ಕಡಿಮೆ. ಅದೇ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿತು. ‘ಏರದಿದ್ದರೆ ವಾಲ್ವಿನ ದೋಷ, ಏರಿದರೆ ರಿಂಗಿನದು’ ಎಂದರು. ಆಯಿಲ್ ಸ್ವಲ್ಪ ಹೊತ್ತು ಸಂದನ್ನು ಮುಚ್ಚುತ್ತದೆಯಂತೆ.

ಹೆಡ್ಡನ್ನೂ ಕೆಳಗಿನ ಸಂಪನ್ನೂ ಬಿಚ್ಚಿ ಪಿಸ್ಟನ್‌ಗಳನ್ನು ಹೊರಗೆ ತೆಗೆದರು. ಒಂದೊಂದಕ್ಕೂ ಮೂರು ರಿಂಗು: ಮೇಲಿನೆರಡು ಒತ್ತಡವನ್ನು ಹಿಡಿದಿಡಲು, ಕೆಳಗಿನದು ಗೋಡೆಯ ಮೇಲಿನ ಆಯಿಲನ್ನು ಒರಸಿ ಇಳಿಸಲು. ಕೆಳಗಿನ ರಿಂಗುಗಳು ಕಿಟ್ಟ ಕಟ್ಟಿ ಅಲುಗಾಡದೆ ಕುಳಿತಿದ್ದುವು. ‘ಆಯಿಲ್ ಯಾವಾಗ ಬದಲಿಸಿದಿರಿ, ಸಾರ್?’ ಎಂದು ಭಾಯಿ ಕೇಳಿದರು. ನಾವು ತಲೆ ತಗ್ಗಿಸಿದೆವು. ಎರಡು ವರ್ಷವಾಗಿತ್ತು. ತೀರ್ಥರೂಪರು ಪ್ರತಿ ಭಾನುವಾರ ಕಾಫಿಯಾದ ಮೇಲೆ ಆಯಿಲ್ ಕಡ್ಡಿಯನ್ನು ಎಳೆದು, ಒರಸಿ ನೋಡುತ್ತಿದ್ದರು. ಅದನ್ನು ಮುದುಕರ ಚಾಳಿಯೆಂದು ನಾವು ನಗುತ್ತಿದ್ದೆವು. ಸಾವಿರದೈನೂರು ರೂಪಾಯಿ ಉಳಿಸಿದೆವೆಂಬ ನಮ್ಮ ಜಾಣತನ ಆ ಕಿಟ್ಟದಲ್ಲಿ ಕಾಣುತ್ತಿತ್ತು.

ಅದೃಷ್ಟಕ್ಕೆ ಸಿಲಿಂಡರುಗಳು ಸವೆದು ಅಂಡಾಕಾರವಾಗಿರಲಿಲ್ಲ. ಹಾಗಾಗಿದ್ದರೆ ಬರಿಯ ರಿಂಗು ಹಾಕುವುದು ಹಣ ದಂಡವೆಂದು ಭಾಯಿ ಖಂಡಿತವಾಗಿ ಹೇಳಿದರು. ಪಿಸ್ಟನ್ ಮತ್ತು ರಿಂಗುಗಳ ಇಂಡಿಯಾ ಪಿಸ್ಟನ್ಸ್ ಕಾರ್ಖಾನೆ 1949ರಲ್ಲಿ ಹುಟ್ಟಿದ ಊರಿದು, ರಿಂಗಿಗೆ ಬರಗಾಲವೆ? ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಹೊಸ ಸೆಟ್ಟು ಸಿಕ್ಕಿತು. ಹಳೆಯ ಪೇಟೆಯಲ್ಲಿ ಬಾಗಿಲು ಕೊಳ್ಳಬಹುದು, ರಿಂಗನ್ನು ಮಾತ್ರ ಕೊಳ್ಳಬಾರದು.

ಭಾಯಿ ಹೊಸ ರಿಂಗನ್ನು ಬರಿಯ ಸಿಲಿಂಡರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಣ ಸಂದನ್ನು ತೆಳು ತಗಡಿನ ಗೇಜಿನಿಂದ ಅಳೆದರು: ಸುಮಾರು ಕಾಲು ಮಿಲಿಮೀಟರು. ಸಂದೇ ಇಲ್ಲದಿದ್ದರೆ ಕಾದಾಗ ಲೋಹ ಹಿಗ್ಗಿ ರಿಂಗು ಮುರಿಯುತ್ತದೆ. ನುಣುಪಾದ ಗೋಡೆಯ ಮೇಲೆ ಆಯಿಲ್ ನಿಲ್ಲುವಂತೆ ಕಲ್ಲಿನಿಂದ ಓರೆಗೆರೆಗಳನ್ನು ಉಜ್ಜಿದರು; ಸಂದುಗಳು ಒಂದೇ ನೇರಕ್ಕೆ ಬಾರದಂತೆ ರಿಂಗುಗಳನ್ನು ತಿರುಗಿಸಿ ಕೂರಿಸಿದರು.

ಲೆಕ್ಕ ಹೀಗೆ: ರಿಂಗ್ ಸೆಟ್ 1,350, ಗ್ಯಾಸ್ಕೆಟ್ 900, ವಾಲ್ವ್ ಸೀಲ್ 250, ಬೇರಿಂಗ್ 700, ಆಯಿಲ್ ಮತ್ತು ಫಿಲ್ಟರ್ 1,500, ಉಜ್ಜಿದ್ದಕ್ಕೆ 600, ಕೂಲಿ 5,000. ಒಟ್ಟು 10,300 ರೂಪಾಯಿ. ಮಗಳ ಫೀಸನ್ನು ಕಚೇರಿಯ ಸಹಕಾರ ಸಂಘದಲ್ಲಿ ಸಾಲ ತೆಗೆದು ಕಟ್ಟಿದೆವು. ಇನ್ನೂ ನಾಲ್ಕು ಕಂತುಗಳಿವೆ.

ಹೊಸ ರಿಂಗು ಗೋಡೆಗೆ ಒಗ್ಗುವವರೆಗೆ, ಅಂದರೆ ಮೊದಲ ಸಾವಿರ ಕಿಲೋಮೀಟರು, ಎಂಜಿನ್ನನ್ನು ಓಡಿಸಿ ದಣಿಸಕೂಡದೆಂದು ಭಾಯಿಯ ಅಪ್ಪಣೆ. ಅದನ್ನೂ ಮುಗಿಸಿದೆವು. ಹೊಗೆ ನಿಂತಿದೆ. ಯುಗಾದಿಗೆ ತಾಯಿಯವರೊಡನೆ ಊರಿಗೆ ಹೊರಡುವವರಿದ್ದೇವೆ. ಈಗ ಪ್ರತಿ ಭಾನುವಾರ ಕಾಫಿಯಾದ ಮೇಲೆ ಬಾನೆಟ್ಟು ಎತ್ತುತ್ತೇವೆ. ಮಗಳು ಪಕ್ಕದಲ್ಲಿ ಹಳೆಯ ಬಟ್ಟೆ ಹಿಡಿದು ನಿಂತು, ‘ಅಪ್ಪ, ಇದು ತಾತನ ಚಾಳಿ ಅಲ್ವಾ?’ ಎಂದು ನಗುತ್ತಾಳೆ. ನಾವು ಹೌದೆನ್ನುತ್ತೇವೆ.