ನಡೆಯುವವರ ಪರವಾಗಿ ಬಾಗಿದ ಸೇತುವೆ

ಇಂಗ್ಲೆಂಡಿನ ಈಶಾನ್ಯದಲ್ಲಿ ಟೈನ್ ನದಿಯ ಉತ್ತರ ದಂಡೆಯ ಮೇಲೆ ನ್ಯೂಕ್ಯಾಸಲ್ ಇದೆ, ದಕ್ಷಿಣ ದಂಡೆಯ ಮೇಲೆ ಗೇಟ್ಸ್‌ಹೆಡ್. ಈ ಎರಡು ಊರುಗಳ ನಡುವಿನ ಏಳು ಸೇತುವೆಗಳಲ್ಲಿ ಕೊನೆಗೆ ಬಂದದ್ದು ಗೇಟ್ಸ್‌ಹೆಡ್ ಮಿಲೆನಿಯಂ ಸೇತುವೆ. 2001ರ ಸೆಪ್ಟೆಂಬರಿನಲ್ಲಿ ಜನರಿಗೆ ತೆರೆದ ಇದರ ಮೇಲೆ ಕಾರು, ಬಸ್ಸು, ರೈಲು ಯಾವುದೂ ಓಡುವುದಿಲ್ಲ. ನಡೆದು ಹೋಗುವವರಿಗೆ, ಸೈಕಲ್ ತುಳಿಯುವವರಿಗೆ ಮಾತ್ರ ಅದು ಮೀಸಲು. ಚಿತ್ರಗಳಲ್ಲಿ ಇದನ್ನು ನೋಡಿದವರು ಹೆಚ್ಚಾಗಿ ನೋಡಿರುವುದು ರಾತ್ರಿಯ ರೂಪವನ್ನೇ: ಬಣ್ಣ ಬದಲಿಸುವ ಬೆಳಕಿನಲ್ಲಿ ಎತ್ತರದ ಕಮಾನು, ಕೆಳಗೆ ಕಪ್ಪು ನೀರಿನಲ್ಲಿ ಅದರ ಬಿಂಬ. ನೋಡಬೇಕಾದದ್ದು ಇಷ್ಟೇ ಆಗಿದ್ದರೆ ಕತ್ತಲಾದ ಮೇಲೆ ಅರ್ಧ ಗಂಟೆ ದಂಡೆಯಲ್ಲಿ ನಿಂತು ಬಂದರೆ ಸಾಕಿತ್ತು. ನನಗೆ ಹಾಗನ್ನಿಸುವುದಿಲ್ಲ. ಕಾಲ್ನಡಿಗೆಯ ಸೇತುವೆಯ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ನದಿ ದಾಟುವ ಶ್ರಮವನ್ನು ಯಾರ ತಲೆಗೆ ಕಟ್ಟಲಾಗಿದೆ, ನಡೆಯುವವರಿಗೋ ಸೇತುವೆಗೋ? ಆ ಪ್ರಶ್ನೆಗೆ ಹಗಲು ಒಂದು ಉತ್ತರ ಕೊಡುತ್ತದೆ, ರಾತ್ರಿ ಇನ್ನೊಂದು. ಎರಡನ್ನೂ ಕೇಳಿಸಿಕೊಳ್ಳದೆ ಈ ಸೇತುವೆಯ ಚೆಂದದ ಬಗ್ಗೆ ತೀರ್ಪು ಕೊಡುವುದು ಆತುರವಾದೀತು.

ಹಗಲಿನಿಂದಲೇ ಶುರುಮಾಡೋಣ. ಟೈನ್ ನದಿ ಹಡಗುಗಳ ನದಿ. ಅದಕ್ಕೆ ಸೇತುವೆ ಕಟ್ಟುವವರೆಲ್ಲ ಹಡಗಿಗೆ ದಾರಿ ಬಿಡಲೇಬೇಕಿತ್ತು. 1928ರ ಟೈನ್ ಸೇತುವೆ ಅದಕ್ಕಾಗಿ ರಸ್ತೆಯನ್ನೇ ಆಕಾಶಕ್ಕೆ ಎತ್ತಿತು. ದಂಡೆಯಿಂದ ಅಷ್ಟೆತ್ತರಕ್ಕೆ ಜನರನ್ನು ಮುಟ್ಟಿಸಲು ಅದರ ಗೋಪುರಗಳೊಳಗೆ ಲಿಫ್ಟ್ ಇಡಬೇಕಾಯಿತು. 1876ರ ಸ್ವಿಂಗ್ ಸೇತುವೆ ತಗ್ಗಿನಲ್ಲೇ ಉಳಿದು, ಹಡಗು ಬಂದಾಗ ಅಡ್ಡಕ್ಕೆ ತಿರುಗುವ ಉಪಾಯ ಹೂಡಿತು. ಅದಕ್ಕೆ ನಡುನದಿಯಲ್ಲಿ ದೊಡ್ಡ ಕಂಬ ಬೇಕಾಯಿತು. ಗೇಟ್ಸ್‌ಹೆಡ್ ನಗರಸಭೆ ಹೊಸ ಸೇತುವೆಗೆ ಸ್ಪರ್ಧೆ ಕರೆದಾಗ ಇದ್ದ ತೊಡಕೂ ಇದೇ. ಗೆದ್ದ ವಾಸ್ತುಶಿಲ್ಪಿಗಳು ವಿಲ್ಕಿನ್ಸನ್ ಐರ್, ಅವರ ಜೊತೆಗಿದ್ದ ಎಂಜಿನಿಯರುಗಳು ಗಿಫರ್ಡ್ ಸಂಸ್ಥೆಯವರು. ಅವರ ಸೇತುವೆಯಲ್ಲಿರುವುದು ಎರಡು ಬಿಲ್ಲುಗಳು ಮಾತ್ರ. ಒಂದು ನೀರಿನ ಮೇಲೆ ಪಕ್ಕಕ್ಕೆ ಬಾಗಿದ ನಡೆಹಾದಿ, ಇನ್ನೊಂದು ಸುಮಾರು 50 ಮೀಟರ್ ಎತ್ತರಕ್ಕೆ ಎದ್ದ ಕಮಾನು. ಎರಡನ್ನೂ ಹಿಡಿದಿರುವುದು ಉಕ್ಕಿನ ಹುರಿಗಳು. ಹಡಗು ಬಂದಾಗ ಇಡೀ ರಚನೆ ಎರಡೂ ತುದಿಗಳ ಮೇಲೆ 40 ಡಿಗ್ರಿ ಹೊರಳುತ್ತದೆ. ಕಮಾನು ಇಳಿಯುತ್ತಾ ಹೋದಂತೆ ಹಾದಿ ಏಳುತ್ತದೆ, ಒಂದರ ತೂಕ ಇನ್ನೊಂದಕ್ಕೆ ಆಸರೆಯಾಗುತ್ತದೆ, ನಾಲ್ಕೂವರೆ ನಿಮಿಷದಲ್ಲಿ ಕೆಳಗೆ 25 ಮೀಟರ್ ತೆರವಾಗುತ್ತದೆ. 850 ಟನ್ನಿಗೂ ಹೆಚ್ಚು ತೂಗುವ ಇದನ್ನು ಹೊರಳಿಸುವುದು ಆರು ಹೈಡ್ರಾಲಿಕ್ ದಂಡಗಳು, ದಂಡೆಗೆ ಮೂರರಂತೆ. ಹಡಗಿನ ಸಲುವಾಗಿ ಮನುಷ್ಯ ಹತ್ತಿ ಇಳಿಯಬೇಕಿಲ್ಲ. ಹತ್ತಿ ಇಳಿಯುವ ಕೆಲಸವನ್ನು ಸೇತುವೆಯೇ ವಹಿಸಿಕೊಂಡಿದೆ.

ಹಾದಿಯ ಬಾಗು ಅಲಂಕಾರಕ್ಕೆಂದು ತಿಳಿಯುವವರು ಬಿಸಿಲಿನಲ್ಲಿ ಒಮ್ಮೆ ಅದರ ಮೇಲೆ ನಡೆಯಬೇಕು. ಸೇತುವೆ ಮುಚ್ಚಿರುವಾಗಲೂ ಸಣ್ಣ ದೋಣಿಗಳು ಅಡಿಯಲ್ಲಿ ಹಾಯಬೇಕಾದ್ದರಿಂದ ನಡುವೆ ಅದು ಸ್ವಲ್ಪ ಎತ್ತರವಾಗಲೇಬೇಕು. ನೇರವಾಗಿ ದಾಟಿದರೆ ಅದೇ ಏರು ಕಡಿದಾಗುತ್ತದೆ. ಬಾಗಿದ ಹಾದಿ ಕೆಲವು ಮೀಟರು ಉದ್ದವಾಗಿ ಆ ಏರನ್ನು ಸೌಮ್ಯ ಮಾಡುತ್ತದೆ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು, ಮಂಡಿನೋವಿನ ಅಜ್ಜಿಯಂದಿರು ಏದುಸಿರು ಬಿಡದೆ ದಾಟುವುದು ಆ ಕೆಲವು ಮೀಟರುಗಳ ದಯೆಯಿಂದ. ಸೈಕಲ್ಲಿನ ಪಟ್ಟಿ ನಡೆಯುವವರ ಪಟ್ಟಿಗಿಂತ ಸುಮಾರು ಗೇಣುದ್ದ ತಗ್ಗಿನಲ್ಲಿದೆ, ಎರಡರ ನಡುವೆ ತೂತುಗಳಿರುವ ಸ್ಟೀಲ್ ತಡೆ, ಅದರ ಮಗ್ಗುಲಿಗೇ ಕೂರಲು ಆಸನಗಳು. ಈ ಗೇಣುದ್ದದ ಅಂತರ ಎರಡು ಕೆಲಸ ಮಾಡುತ್ತದೆ: ಹಿಂದಿನಿಂದ ಸೈಕಲ್ ಬಂದೀತೆಂಬ ಹೆದರಿಕೆ ಹೋಗುತ್ತದೆ, ಜೊತೆಗೆ ಸೈಕಲ್ಲಿನವರ ತಲೆಗಳಾಚೆಗೆ ನದಿ ಕಾಣುತ್ತದೆ. ಚಿತ್ರದಲ್ಲಿ ಇದು ಕಣ್ಣಿಗೇ ಬೀಳದಷ್ಟು ಚಿಕ್ಕ ವಿವರ. ನನ್ನ ಮಟ್ಟಿಗೆ ಕಮಾನಿಗಿಂತ ದೊಡ್ಡ ಸಾಧನೆ ಇದೇ.

ಈಗ ಹಡಗುಗಳೆಲ್ಲಿ ಬರುತ್ತವೆ, ಹೊರಳುವುದೆಲ್ಲ ಬರಿಯ ಪ್ರದರ್ಶನವಲ್ಲವೇ ಎಂಬ ಆಕ್ಷೇಪವಿದೆ. ದೊಡ್ಡ ಹಡಗುಗಳು ಅಷ್ಟು ಮೇಲಕ್ಕೆ ಬರುವುದು ಹಿಂದಿಗಿಂತ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಮಾತಿನಿಂದಲೇ ನನ್ನ ವಾದ ಗಟ್ಟಿಯಾಗುತ್ತದೆ. ಅಪರೂಪದ ಹಡಗಿಗಾಗಿ ಎತ್ತರದ ಸೇತುವೆ ಕಟ್ಟಿದ್ದರೆ ಪ್ರತಿದಿನ ದಾಟುವ ಪ್ರತಿಯೊಬ್ಬರೂ ಮೆಟ್ಟಿಲಿನ ಕಂದಾಯ ತೆರಬೇಕಾಗುತ್ತಿತ್ತು. ಇಲ್ಲಿ ಆ ಕಂದಾಯವನ್ನು ಯಂತ್ರ ತೆರುತ್ತದೆ, ಅದೂ ಹಡಗು ಬಂದ ದಿನ ಮಾತ್ರ. ಹೊರಳುವಾಗ ಹಾದಿಯ ಮೇಲೆ ಬಿದ್ದ ಕಸ ತಾನಾಗಿ ಉರುಳಿ ತುದಿಗಳಲ್ಲಿರುವ ತೊಟ್ಟಿಗಳಿಗೆ ಸೇರುವಂತೆಯೂ ಮಾಡಿದ್ದಾರೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಹೊಸ ಆಕಾರದ ಆಸೆಗೆ ಬಿದ್ದು ಸುರಕ್ಷತೆ ಕೆಡುವುದಿಲ್ಲವೇ? ಲಂಡನ್ನಿನ ಮಿಲೆನಿಯಂ ಸೇತುವೆಯನ್ನು ಜನ ಉದಾಹರಣೆಗೆ ತರುತ್ತಾರೆ. 2000ದ ಜೂನಿನಲ್ಲಿ ತೆರೆದ ಅದು ತೂಗಾಡಿ, ಎರಡೇ ದಿನಕ್ಕೆ ಮುಚ್ಚಿ, ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಅಲ್ಲಿ ನಡೆದದ್ದೇನು? ನಡೆಯುವಾಗ ನಮ್ಮ ಪ್ರತಿ ಹೆಜ್ಜೆಯೂ ನೆಲವನ್ನು ಪಕ್ಕಕ್ಕೆ ಕೊಂಚ ತಳ್ಳುತ್ತದೆ. ಸೇತುವೆ ತುಸು ಅಲುಗಿದರೆ ಎಲ್ಲರೂ ಸಮತೋಲಕ್ಕಾಗಿ ಆ ಅಲುಗಾಟಕ್ಕೆ ಹೊಂದಿಕೊಂಡು ಹೆಜ್ಜೆ ಇಡುತ್ತಾರೆ, ಆಗ ಅಲುಗಾಟ ಇನ್ನೂ ಬೆಳೆಯುತ್ತದೆ. ತಪ್ಪನ್ನು ತೆಳುವಾದ ಆಕಾರದ ಮೇಲೆ ಹೊರಿಸಬೇಕಿಲ್ಲ. ಗುಂಪಿನಲ್ಲಿ ಮನುಷ್ಯ ಹೇಗೆ ನಡೆಯುತ್ತಾನೆಂಬ ಲೆಕ್ಕ ಸಾಲದಾಗಿತ್ತು. ಕಂಪನ ಹೀರುವ ಡ್ಯಾಂಪರುಗಳನ್ನು ಅಳವಡಿಸಿದ ಮೇಲೆ ಅದೇ ಆಕಾರ ಅಲುಗದೆ ನಿಂತಿದೆ. ನಡೆಯುವವರನ್ನು ಹಗುರವಾದ ಹೊರೆ ಎಂದು ಬಗೆಯದೆ ಅವರ ನಡಿಗೆಯನ್ನೇ ಓದಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ದುಡ್ಡಿನ ಮಾತು. ಗೇಟ್ಸ್‌ಹೆಡ್ ಸೇತುವೆಗೆ 2 ಕೋಟಿ 20 ಲಕ್ಷ ಪೌಂಡ್ ಆಯಿತು, ಅದರಲ್ಲಿ ದೊಡ್ಡ ಪಾಲು ಲಾಟರಿಯ ಹಣ. ಇದೆಲ್ಲ ಶ್ರೀಮಂತ ದೇಶದ ಹವ್ಯಾಸ ಎನ್ನುವವರಿಗೆ ಸುಳ್ಯದ ಕಡೆ ಕೈ ತೋರಿಸುತ್ತೇನೆ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಎಂಜಿನಿಯರ್ ಗಿರೀಶ್ ಭಾರದ್ವಾಜ್, ಮುಂದೆ ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಗೇಟ್ಸ್‌ಹೆಡ್‌ನ ಖರ್ಚಿನ ಪಕ್ಕದಲ್ಲಿ ಅವರ ಖರ್ಚು ಏನೇನೂ ಅಲ್ಲ. ಆದರೆ ಮಳೆಗಾಲದಲ್ಲಿ ಹೊಳೆಯಾಚೆಯ ಊರು ಪಡುತ್ತಿದ್ದ ಪಾಡನ್ನು ಹುರಿಗೆ ಹೊರಿಸಿದ ವಿವೇಕ ಅದೇ. ಮತ್ತೊಂದು ಕಡೆ ಬೆಂಗಳೂರಿನ ಸ್ಕೈವಾಕುಗಳನ್ನು ನೋಡಿ. ಕಾರಿನ ಓಟಕ್ಕೆ ತಡೆಯಾಗದಿರಲೆಂದು ನಡೆಯುವವರನ್ನು ಎರಡು ಮಹಡಿ ಹತ್ತಿಸುತ್ತೇವೆ; ಹತ್ತಲಾರದವರು ಕೆಳಗೆ ವಾಹನಗಳ ನಡುವೆ ಕೈ ಅಡ್ಡ ಹಿಡಿದು ದಾಟಿದರೆ ಅವರಿಗೆ ಶಿಸ್ತಿಲ್ಲ ಎನ್ನುತ್ತೇವೆ. ಅಗ್ಗವೋ ದುಬಾರಿಯೋ ಎಂಬುದು ಎರಡನೆಯ ಮಾತು.

ರಾತ್ರಿಯ ವಿಷಯಕ್ಕೆ ಬಂದರೆ, ನ್ಯೂಕ್ಯಾಸಲ್ ಉತ್ತರಕ್ಕೆ 55 ಡಿಗ್ರಿಯಲ್ಲಿದೆ ಎಂಬುದನ್ನು ಮರೆಯಬಾರದು. ಡಿಸೆಂಬರಿನ ಕೊನೆಗೆ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ; ಜೂನಿನಲ್ಲಿ ರಾತ್ರಿ ಒಂಬತ್ತೂವರೆಯ ಮೇಲೂ ಬೆಳಕಿರುತ್ತದೆ. ಅಂದರೆ ಚಳಿಗಾಲದಲ್ಲಿ ಕತ್ತಲೆಯ ಸೇತುವೆ ಪ್ರವಾಸಿಗರದಲ್ಲ, ಶಾಲೆ ಬಿಟ್ಟ ಮಕ್ಕಳದು, ಕಚೇರಿಯಿಂದ ಮರಳುವವರದು. ಹಗಲಲ್ಲಿ ಬಿಡಿಬಿಡಿಯಾಗಿ ಕಾಣುವ ದಂಡೆಗಳು ದೀಪ ಹತ್ತಿದ ಮೇಲೆ ಒಂದೇ ಊರಿನ ಎರಡು ಬೀದಿಗಳಾಗಿ ಕಾಣುವುದು ನಿಜ, ಕಮಾನಿನ ಬಣ್ಣಕ್ಕೆ ಆ ಗೌರವ ಸಲ್ಲಬೇಕು. ಮಂಕು ಸಂಜೆಯಲ್ಲಿ ಮನೆಗೆ ಹೋಗುವವರಿಗೆ ಬಣ್ಣವೂ ಬೇಕು. ಹಾಗಿದ್ದರೂ ಕಮಾನಿನ ಬೆಳಕು ದೂರದಲ್ಲಿ ನಿಂತು ನೋಡುವವರಿಗಾಗಿ ಇರುವುದು. ನಡೆಯುವವರಿಗೆ ಬೇಕಾದದ್ದು ಎದುರು ಬರುವವರ ಮುಖ ಕಾಣುವಷ್ಟು, ಒದ್ದೆ ನೆಲ ತಿಳಿಯುವಷ್ಟು ಬೆಳಕು. ದೀಪದ ವಿರುದ್ಧ ಒಂದು ಆಕ್ಷೇಪವನ್ನು, ಅದು ಹಕ್ಕಿಗಳಿಗೆ ತೊಂದರೆ ಎಂಬುದನ್ನು, ನಾನು ತಳ್ಳಿಹಾಕಲಾರೆ. ಟೈನ್ ಸೇತುವೆಯ ಅಂಚುಗಳಲ್ಲಿ, ಹಳೆಯ ಹಿಟ್ಟಿನ ಗಿರಣಿಯನ್ನು ಕಲಾಕೇಂದ್ರ ಮಾಡಿದ ಬಾಲ್ಟಿಕ್ ಕಟ್ಟಡದ ಗೋಡೆಯಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿಗಳು ವಸಂತದಲ್ಲಿ ಬಂದು ಗೂಡು ಕಟ್ಟುತ್ತವೆ. ಕಡಲಿನಿಂದ ಇಷ್ಟು ಒಳನಾಡಿನಲ್ಲಿ ಅವು ಗೂಡು ಕಟ್ಟುವುದು ಅಪರೂಪ. ಬಾಲ್ಟಿಕ್ ಇರುವುದು ಮಿಲೆನಿಯಂ ಸೇತುವೆಯ ಮಗ್ಗುಲಲ್ಲೇ. ಗೂಡಿನ ತಿಂಗಳುಗಳಲ್ಲಾದರೂ ನೋಡುವವರು ಮನೆ ಸೇರಿದ ಮೇಲೆ ಕಮಾನಿನ ಬಣ್ಣ ಆರಿದರೆ ಯಾರಿಗೂ ನಷ್ಟವಿಲ್ಲ. ನಡೆಹಾದಿಯ ದೀಪ ಮಾತ್ರ ಬೆಳಗಿನವರೆಗೆ ಉರಿಯಬೇಕು. ಹೋಟೆಲಿನಲ್ಲಿ ಪಾತ್ರೆ ತೊಳೆದು ತಡರಾತ್ರಿ ಒಬ್ಬಳೇ ಗೇಟ್ಸ್‌ಹೆಡ್ ಕಡೆಗೆ ದಾಟುವ ಹೆಂಗಸಿಗೂ ಈ ಸೇತುವೆ ಸಂಜೆಯ ಜನಕ್ಕೆ ಇದ್ದಷ್ಟೇ ಸಲೀಸಾಗಿರಬೇಕು.